ಮನೆಗಳಷ್ಟು ಭದ್ರ

ತಿಂಗಳ ಮೊದಲ ಸೋಮವಾರ
ವಿಲ್ಫ್ ಕ್ಯಾಚ್‌ಪೋಲನ ಹಿತ್ತಿಲ ಬಾಗಿಲ ಮೊಳೆಗೆ
ಟೇಪಿನ ತುದಿ ಸಿಕ್ಕಿಸಿ ನಡೆಯುತ್ತೇನೆ ಕಡಲಿನ ಕಡೆಗೆ,
ಮುಖ ಮುಂದಿಟ್ಟುಕೊಂಡೇ.
ಹಿಮ್ಮುಖ ನಡೆಯಬಾರದು, ಅದು ಈ ನೌಕರಿಯ ಮೊದಲ ಪಾಠ.

ನಾರ್ಫೋಕಿನ ಈ ದಂಡೆಗೆ ಬಂಡೆಯಿಲ್ಲ.
ಜೇಡಿ, ಮರಳು, ನಡುನಡುವೆ ಚಕಮಕಿ ಕಲ್ಲು;
ಒದ್ದೆಯಾದ ಬೆಲ್ಲದಚ್ಚಿನ ಹಾಗೆ
ಅಂಚಿನಿಂದ ಕರಗುತ್ತ ಬರುವ ನೆಲ.

ಅಕ್ಟೋಬರಿನಲ್ಲಿ ಹದಿನಾಲ್ಕು ಮೀಟರ್.
ನವೆಂಬರಿನಲ್ಲಿ ಹದಿನಾಲ್ಕೇ.
ಡಿಸೆಂಬರಿನ ಒಂದು ರಾತ್ರಿ ಕಡಲು ಎದ್ದು ಬಂದು
ಪಕ್ಕದ ಲಾರ್ಟರ್ ಮುದುಕಿಯ ಕೋಳಿಗೂಡು,
ಬಟ್ಟೆ ಒಣಹಾಕುವ ಕಂಬ, ಮೂರು ಗೂಸ್‌ಬೆರಿ ಗಿಡ
ಒಯ್ದಿತು.
ಇವತ್ತು ಒಂಬತ್ತು ಮೀಟರ್, ನಲವತ್ತು ಸೆಂಟಿಮೀಟರ್.

"ಚಿಂತೆ ಬಿಡು ಹುಡುಗಿ," ಅಂದ ವಿಲ್ಫ್ ಚಹಾ ಬಗ್ಗಿಸುತ್ತ,
"ಸೇಫ್ ಆ್ಯಸ್ ಹೌಸಸ್!"
ನಕ್ಕ, ಹಲ್ಲಿನ ಸೆಟ್ಟು ಕದಲುವ ಹಾಗೆ.

ಮನೆಗಳಷ್ಟು ಭದ್ರವಂತೆ.
ಅವನ ಮುತ್ತಜ್ಜನ ಕಾಲಕ್ಕೆ ರೈಲಿನ ಹುಚ್ಚು ಹಿಡಿದಿತ್ತಂತೆ ದೇಶಕ್ಕೆ.
ಹಳಿಯೇ ಬೀಳದ ಊರುಗಳ ಹೆಸರಲ್ಲಿ ಷೇರು ಮಾರಿದರು,
ಪಾದ್ರಿ ಕೊಂಡ, ದರ್ಜಿ ಕೊಂಡ, ವಿಧವೆಯರು ಬಳೆ ಮಾರಿ ಕೊಂಡರು.
ಗುಳ್ಳೆ ಒಡೆಯಿತು. ಕಾಗದ ಮತ್ತೆ ಬರೀ ಕಾಗದ.
ಉಳಿದ ಚಿಲ್ಲರೆಯನ್ನು ಇಟ್ಟಿಗೆಗೆ ಸುರಿದವರು ಅಂದರಂತೆ:
ರೈಲು ಓಡಿಹೋಗುವ ಸಾಮಾನು,
ಮನೆ ಎಲ್ಲಿಗೆ ಹೋದೀತು?

ಹೌದೇ ಇದು, ಅಂದೆ.
"ಯಾರಿಗೆ ಗೊತ್ತು," ಅಂದ. "ಮಾತು ಮೊದಲೇ ಇತ್ತು,
ಕತೆ ಆಮೇಲೆ ಬಂದು
ಅದರೊಳಗೆ ಬಾಡಿಗೆಗೆ ಕೂತಿತು ಅನ್ನುವವರೂ ಇದ್ದಾರೆ."

ಬಾಗಲಕೋಟೆಯ ನಮ್ಮ ಮನೆಗೂ ಬಂದಿದ್ದರು ಟೇಪಿನವರು.
ಆಗ ನನಗೆ ಎಂಟು. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ.
ಪಡಸಾಲೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದು
ನೀರು ಇಲ್ಲಿತನಕ ಅಂದರು,
ಹೊಸ ಸೊಸೆಯ ಎತ್ತರ ಹೇಳುವಷ್ಟು ಸಲೀಸಾಗಿ.
ಅವ್ವ ಮಾತಾಡಲಿಲ್ಲ. ಅಂಕಿಯ ಮೇಲೊಂದು ಕ್ಯಾಲೆಂಡರು ತೂಗುಹಾಕಿದಳು.

ಹಿನ್ನೀರು ಆ ಕ್ಯಾಲೆಂಡರು ನೋಡಿಕೊಂಡೇ ಬಂತು.
ಇಲ್ಲಿಯ ಕಡಲಿನ ಹಾಗೆ ಭೋರ್ಗರೆದು ಅಲ್ಲ;
ನೋಟೀಸು ಕೊಟ್ಟು, ಪರಿಹಾರ ಕೊಟ್ಟು,
ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿ.
ಸಾಗುವಾನಿ ಬಾಗಿಲು ಕಿತ್ತು ಲಾರಿಗೆ ಹೇರಿಕೊಂಡು
ನವನಗರಕ್ಕೆ ಹೋದೆವು.
ಹೊಸ ಮನೆಯ ಚೌಕಟ್ಟು ನಾಲ್ಕು ಬೆರಳು ಗಿಡ್ಡ.
ಬಾಗಿಲು ಇನ್ನೂ ಮಾಳಿಗೆಯ ಮೇಲೆ ಅಂಗಾತ ಮಲಗಿದೆ,
ಮೇಲೆ ಸಂಡಿಗೆ ಒಣಗುತ್ತವೆ.

ಮನೆ ಕಟ್ಟಿ ನೋಡು ಅಂದರು ಹಿರಿಯರು.
ಅಳೆದು ನೋಡು ಅಂತ ಯಾರೂ ಅನ್ನಲಿಲ್ಲ.

ಇದನ್ನೆಲ್ಲ ವಿಲ್ಫ್‌ಗೆ ಹೇಳಲಿಲ್ಲ.
ಹೇಳಿದ್ದು: ಬಿಸ್ಕತ್ತು ಸಾಕು, ಇನ್ನೂ ಮೂರು ಮನೆ ಇವೆ.
(ಹೋದ ವರ್ಷ ಏಳಿದ್ದವು.)

"ನಿಮ್ಮ ಭಾಷೆಯಲ್ಲಿ ಏನಂತೀರಿ, ಸೇಫ್‌ಗೆ?"
ಭದ್ರ, ಅಂದೆ.
"ಬದ್ರ."
ಅಲ್ಲ ವಿಲ್ಫ್, ಉಸಿರು ಬೇಕು, ಹೊಟ್ಟೆಯಿಂದ.
ಎದೆಯುಬ್ಬಿಸಿ ಮತ್ತೆ ಹೊರಟ;
ಅಕ್ಷರದ ಬದಲು ಕೆಮ್ಮು ಬಂತು, ನಿಲ್ಲಲೊಲ್ಲದು.
ಅದು ನಿಲ್ಲುವ ತನಕ ಇಬ್ಬರೂ
ಕಿಟಕಿಯಾಚೆಯ ಬೂದುಬಣ್ಣ ನೋಡುತ್ತ ಕೂತೆವು.

ಫಾರಂ ಚಾಚಿದೆ.
"ಒಂಬತ್ತೂವರೆ ಅಂತ ಬರೀಬಾರದೆ?
ಹತ್ತು ಸೆಂಟಿಮೀಟರಿಗೆ ಸಮುದ್ರವೇನೂ ಮುನಿಸಿಕೊಳ್ಳದು."
ಒಂಬತ್ತು ಅಂದರೆ ಕೌನ್ಸಿಲಿನ ಗೆರೆ. ಅದರ ಕೆಳಗೆ ಕಾಗದ ಬರುತ್ತದೆ,
ಕಾಗದದ ಹಿಂದೆ ಬುಲ್ಡೋಜರು.
ಇಬ್ಬರಿಗೂ ಗೊತ್ತು.
ನಾನು ಒಂಬತ್ತು ನಲವತ್ತೇ ಬರೆದೆ.

ಸಹಿ ಮಾಡಿದ. ಕಪ್ಪು ತೊಳೆದು ಬೋರಲು ಹಾಕಿದ.
ಟೇಪು ಸುತ್ತಿಕೊಳ್ಳುತ್ತ ಗೇಟಿನಿಂದ ತಿರುಗಿ ನೋಡಿದರೆ
ನಾನು ಹೋದೆನೆಂದುಕೊಂಡು
ಕಿಟಕಿಯ ಬಳಿಯ ತನ್ನ ಕುರ್ಚಿಯನ್ನು
ರಸ್ತೆಯ ಕಡೆಗೆ
ಒಂದಡಿ ಸರಿಸುತ್ತಿದ್ದ.